ಟಣ್ ಎನ್ನದ ಜಾಗ

ಇಂಥ ಮಾತುಗಳನ್ನು ನಾನು ನಂಬುವವನಲ್ಲ. ಅಜ್ಜಿ ದೆವ್ವದ ಕತೆ ಶುರುಮಾಡಿದರೆ ನಡುವೆ ಬಾಯಿ ಹಾಕಿ ಬೈಸಿಕೊಳ್ಳುತ್ತಿದ್ದ ಹುಡುಗ ನಾನು. ಆದ್ದರಿಂದ ನೀವು ಇದನ್ನು ನಂಬಲೇಬೇಕೆಂಬ ಹಟ ನನಗಿಲ್ಲ. ಇದು ನಡೆದ ಬೆಳಿಗ್ಗೆ ಶೆಡ್ಡಿನಲ್ಲಿ ಇದ್ದವರು ಮೂವರೇ: ನಾನು, ಕೆಲಸದಲ್ಲಿ ನನಗೆ ಗುರುವಾಗಿದ್ದ ಬೆಳಗಾವಿ ಕಡೆಯ ಗುರುಸಿದ್ದಪ್ಪ ಕಾಕಾ, ಮತ್ತು ದೋಣಿಯ ತುಕಾರಾಮ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಪುಣೆಯಿಂದ ಖಡಕವಾಸಲಾ ಅಣೆಕಟ್ಟಿನ ಕಡೆಗೆ ಹೋಗುವ ರಸ್ತೆಯ ಬದಿಗೆ ನಮ್ಮ ಫೈಬರ್ ಶೆಡ್ಡು. ನೀರಿನ ಟಾಕಿ, ಬಾತ್‌ರೂಮಿನ ಬಾಗಿಲು ಮಾಡುತ್ತಿದ್ದೆವು. ರಿಪೇರಿಗೆ ಹಳೆಯ ಫೈಬರ್ ದೋಣಿ ಅಂತ ಬಂದದ್ದು ತುಕಾರಾಮನದೊಂದೇ. ಅವನು ಅದರಲ್ಲಿ ಹಿನ್ನೀರಿನ ಆಚೆ ದಂಡೆಯ ಮಕ್ಕಳನ್ನು ಶಾಲೆಗೆ ದಾಟಿಸುತ್ತಿದ್ದ. ಜೂನಿನಲ್ಲಿ ಶಾಲೆ ತೆರೆಯುವುದರೊಳಗೆ ಅದರ ತಳ ಹೊಸದಾಗಬೇಕಿತ್ತು.

ದೋಣಿಯನ್ನು ಬೋರಲು ಹಾಕಿ ಹದಿನೈದು ದಿನ ಉಜ್ಜಿದೆವು. ಫೈಬರಿನ ಆ ಗಾಜುನೂಲಿನ ಧೂಳು ಮೈಗೆ ಹೊಕ್ಕರೆ ಸ್ನಾನ ಮಾಡಿದರೂ ಹೋಗುವುದಿಲ್ಲ. ನಿದ್ದೆಯಲ್ಲೂ ಮುಂಗೈ ತುರಿಸುತ್ತಿದ್ದೆ. ಮೇ ತಿಂಗಳ ಸೆಕೆ, ತಲೆಯ ಮೇಲೆ ತಗಡು. ಕೊನೆಕೊನೆಗೆ ದೋಣಿಯೂ ಬೇಡ, ಶಾಲೆಯೂ ಬೇಡ, ಒಮ್ಮೆ ಬಣ್ಣ ಬಳಿದು ಕಳಿಸಿದರೆ ಸಾಕು ಅನ್ನಿಸಿಬಿಟ್ಟಿತ್ತು.

ಕಾಕಾ ಅವರದೊಂದು ಪದ್ಧತಿ. ಬಣ್ಣ ಬಳಿಯುವ ದಿನ, ಚಹಾ ಮುಟ್ಟುವ ಮೊದಲು, ನಾಣ್ಯದ ಅಂಚಿನಿಂದ ತಳವನ್ನೆಲ್ಲ ಗೇಣುಗೇಣಿಗೂ ಬಡಿದು ಕೇಳಬೇಕು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಒಳಗೆ ಫೈಬರಿನ ಪದರ ಬಿಟ್ಟುಕೊಂಡು ಪೊಳ್ಳಾಗಿದ್ದರೆ ಬದ್ ಅನ್ನುತ್ತದೆ. "ಹೊಟ್ಟ್ಯಾಗ ಚಹಾ ಬಿತ್ತಂದ್ರ ಕಿವಿ ಮಂದ ಆಗ್ತಾವ" ಎನ್ನುತ್ತಿದ್ದರು.

ಆ ಬೆಳಿಗ್ಗೆ ದೋಣಿಯ ಮೂತಿಯ ಹತ್ತಿರ ಅವರ ಕೈ ನಿಂತಿತು. "ಇಲ್ಲಿ ಬದ್ ಅಂತು." ನಾನು ಬಡಿದೆ: ಟಣ್. ತುಕಾರಾಮನೂ ಬಡಿದ: ಟಣ್.

"ಕಾಕಾ, ನಿಮಗ ವಯಸ್ಸಾತ್ರಿ," ಎಂದೆ. ದಣಿವಿನಲ್ಲಿ ಬಂದ ಮಾತು.

"ವಯಸ್ಸು ಕಿವಿಗೆ ಆಗಿಲ್ಲೋ ಮಗನ, ನಿನ್ನ ಮೈಗಳ್ಳತನಕ್ಕ ಆಗೈತಿ," ಎಂದು ಸಿಟ್ಟಿನಿಂದ ನೀರು ಕುಡಿಯಲು ಹೊರಗೆ ಹೋದರು.

ನಾನು ಬ್ರಷ್ ಕೈಗೆತ್ತಿಕೊಂಡೆ. ಅವರು ಬರುವುದರೊಳಗೆ ಆ ಜಾಗಕ್ಕೆ ಬಣ್ಣ ಬಿದ್ದರೆ ವಾದವೇ ಮುಗಿಯಿತಲ್ಲ. ಆದರೂ ಯಾಕೋ ಮತ್ತೊಮ್ಮೆ ಬಡಿದೆ. ಬದ್. ಮೂರು ಸಲ ಬಡಿದೆ, ಮೂರು ಸಲವೂ ಬದ್. ಹಸಿ ಮಣ್ಣಿಗೆ ಬಡಿದ ಹಾಗೆ. ತುಕಾರಾಮ ಅಲ್ಲೇ ನಿಂತಿದ್ದ. ಅವನಿಗೆ ಟಣ್ ಎಂದೇ ಕೇಳಿಸುತ್ತಿತ್ತಂತೆ.

ಕಾಕಾ ಬಂದರು, ತಾವೂ ಬಡಿದರು, ಹುಬ್ಬು ಗಂಟಿಕ್ಕಿದರು. "ಈಗ ಟಣ್ ಅಂತೈತಲ್ಲೋ!"

"ಇಲ್ರಿ ಕಾಕಾ, ಬದ್ ಅಂತೈತ್ರಿ," ಎಂದೆ ನಾನು.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ "ಇಬ್ಬರಿಗೂ ಒಂದೊಂದ್ ಸಲ ಕೇಳಿಸೈತಿ. ಕೊಯ್ಯಿ," ಎಂದರು.

ಅಂಗೈ ಅಗಲ ಕೊಯ್ದೆ. ಒಳಗೆ ಏನೂ ಇರಲಿಲ್ಲ. ಪದರಕ್ಕೆ ಪದರ ಅಂಟಿ ಬೆಳ್ಳಗೆ ಗಟ್ಟಿಯಾಗಿತ್ತು. ನೀರು ಹೊಕ್ಕಿದ್ದರೆ ಬರುವ ಹುಳಿ ವಾಸನೆಯೂ ಇಲ್ಲ. ಕೊಯ್ದ ತುಂಡನ್ನು ಬಡಿದರೆ ಗಂಟೆಯ ಹಾಗೆ ಟಣ್ ಅಂದಿತು. ಗಟ್ಟಿ ದೋಣಿಗೆ ತೂತು ಹೊಡೆದ ಶಾಣ್ಯಾರು ನೀವೇ ಎಂದು ತುಕಾರಾಮ ಮರಾಠಿಯಲ್ಲಿ ನಮ್ಮಿಬ್ಬರಿಗೂ ಮನಸಾರೆ ಬೈದ. ತೂತಿಗೆ ಮೊದಲಿನಷ್ಟೇ ದಪ್ಪ ತುಂಬಿದೆವು. ಕಾಕಾ ದೋಣಿ ತಿರುಗಿಸಿ ಹಾಕಿಸಿ, ಒಳಗಿನಿಂದ ಅದೇ ಜಾಗಕ್ಕೆ ಎರಡು ಪದರ ಹೆಚ್ಚಿಗೆ ಕೂರಿಸಿದರು. ಮೂರು ದಿನ ಹೆಚ್ಚು ಹಿಡಿಯಿತು.

ನನಗೆ ಕೇಳಿಸಿದ್ದು ಏನು? ದಣಿವು ಎನ್ನೋಣವೆಂದರೆ ಕಾಕಾಗೂ ಅದೇ ಜಾಗದಲ್ಲಿ ಯಾಕೆ ಕೇಳಿಸಿತು? ಇಷ್ಟು ವರ್ಷ ಯೋಚಿಸಿದ್ದೇನೆ, ಗೊತ್ತಾಗಿಲ್ಲ.

ಜುಲೈ ತಿಂಗಳಲ್ಲಿ ಒಂದು ಬೆಳಿಗ್ಗೆ ತುಕಾರಾಮ ಬಂದು ನಮ್ಮಿಬ್ಬರನ್ನೂ ದಂಡೆಗೆ ಕರೆದುಕೊಂಡು ಹೋದ. ಹಿಂದಿನ ಸಂಜೆ ಮಕ್ಕಳನ್ನು ಮನೆಗೆ ದಾಟಿಸುವಾಗ ನಡುನೀರಿನಲ್ಲಿ ದೋಣಿ ಮುಳುಗುಬಂಡೆಗೆ ಗುದ್ದಿತ್ತು. ಬೋರಲು ಹಾಕಿದ್ದ ದೋಣಿಯ ತಳ ನೋಡಿದೆವು. ನಾವು ತುಂಬಿದ್ದ ಜಾಗ ಪೂರ್ತಿ ಹರಿದುಹೋಗಿತ್ತು. ಅದರ ಹಿಂದೆ, ಹೆಚ್ಚಿಗೆ ಹಾಕಿದ್ದ ಎರಡು ಪದರ ಮಾತ್ರ ಹಿಡಿದು ನಿಂತಿದ್ದವು. ಹದಿನಾಲ್ಕು ಮಕ್ಕಳೂ ಕಾಲು ಒದ್ದೆಯಾಗದೆ ಮನೆ ಸೇರಿದ್ದರು.

ತುಕಾರಾಮ ಚಹಾ ತಂದು ಹಿಡಿದ. ಕಾಕಾ ಮುಟ್ಟಲಿಲ್ಲ. ಕಿಸೆಯಿಂದ ನಾಣ್ಯ ತೆಗೆದು ಒಂದು ತುದಿಯಿಂದ ಬಡಿಯುತ್ತ ಹೊರಟರು. ನಾನು ಇನ್ನೊಂದು ತುದಿಯಿಂದ ಶುರುಮಾಡಿದೆ.