ಗಂಗೆಯಲ್ಲಿ ಬಿಟ್ಟು ಬಂದ ರಂಬುಟಾನ್

ಕಾಶಿಗೆ ಹೋದವರು ಇಷ್ಟದ ಒಂದು ಹಣ್ಣು, ಒಂದು ತರಕಾರಿ ಬಿಟ್ಟು ಬರಬೇಕು. ಆಮೇಲೆ ಬದುಕಿರುವವರೆಗೂ ಅದನ್ನು ಬಾಯಿಗಿಡುವಂತಿಲ್ಲ. ನಮ್ಮ ತಂಡದವರೆಲ್ಲ ಜಾಣರು, ತಮಗೆ ಬೇಡದ್ದನ್ನೇ ಬಿಟ್ಟರು. ನಾನೂ ಹಾಗಲಕಾಯಿ, ಬೇಲದ ಹಣ್ಣು ಬಿಟ್ಟೆ. ನನ್ನ ಹೆಂಡತಿ ಮುಳುಗಿ ಎದ್ದು, ನನ್ನ ಮುಖ ನೋಡಿಕೊಂಡೇ ರಂಬುಟಾನ್ ಅಂದಳು. ಪುರೋಹಿತರಿಗೆ ಅದೇನೆಂದು ತಿಳಿಯಲಿಲ್ಲ, ನನಗೆ ತಿಳಿಯಿತು. ನಾನು ಹಿತ್ತಲಲ್ಲಿ ನೆಟ್ಟ ರಂಬುಟಾನ್ ಗಿಡ ಈ ಜನ್ಮದಲ್ಲಿ ಹಣ್ಣು ಕೊಡುವುದಿಲ್ಲವೆಂದು ಗಂಗೆಯ ಸಾಕ್ಷಿಯಾಗಿ ಸಾರಿದ್ದಳು.

ಆ ಗಿಡ ಲಿಂಗರಾಜಪುರದ ನಮ್ಮ ಮನೆಯ ಹಿಂದೆ, ಸಂಪಿಗೂ ಕಾಂಪೌಂಡಿಗೂ ನಡುವಿನ ತುಂಡು ಜಾಗದಲ್ಲಿದೆ. ರಸೆಲ್ ಮಾರುಕಟ್ಟೆಯಲ್ಲಿ ಮೊದಲ ಸಲ ಆ ಕೆಂಪು ಕೂದಲಿನ ಹಣ್ಣು ತಿಂದ ದಿನವೇ ನನಗೆ ಹುಚ್ಚು ಹತ್ತಿತ್ತು. ಕಸಿ ಗಿಡ ಮಾರಿದ ನರ್ಸರಿಯವನೇ ಬೆಂಗಳೂರಿನ ಚಳಿಗೆ ಇದು ಬರುವುದು ಅನುಮಾನ ಎಂದಿದ್ದ. ಆಗುವುದಿಲ್ಲ ಎಂದರೆ ಮಾಡಿಯೇ ತೀರುವ ಹಟ ನನ್ನದು. ಡಿಸೆಂಬರಿನಲ್ಲಿ ಗಿಡದ ಸುತ್ತ ಹಳೆಯ ಬೆಡ್‌ಶೀಟ್ ಕಟ್ಟಿದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಎಲೆಯ ಅಂಚು ಸುಡುತ್ತಿತ್ತು, ಮಳೆನೀರು ಹಿಡಿದಿಟ್ಟು ಹಾಕಿದೆ. ತನಗೆ ಇಷ್ಟು ಆರೈಕೆ ಮಾಡಿದ್ದರೆ ತಾನೇ ಕಾಯಿ ಬಿಡುತ್ತಿದ್ದೆ ಎಂದು ಅವಳು ಹಂಗಿಸುತ್ತಿದ್ದಳು.

ಕಾಶಿಯಿಂದ ಬಂದ ಮುಂದಿನ ಬೇಸಿಗೆಯಲ್ಲಿ ಗಿಡ ಹೂ ಬಿಟ್ಟಿತು. ಹೂ ಉದುರಿ ಒಂದು ಗೊಂಚಲು ನಿಂತಿತು, ಮಳೆಗಾಲದಲ್ಲಿ ಕೆಂಪಾಯಿತು. ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ದೇವರ ಮುಂದೆ ಇಟ್ಟು, ಒಂದು ಹಣ್ಣಿನ ಸಿಪ್ಪೆ ಬಿಡಿಸಿ, ಖುಷಿಯಲ್ಲಿ ಎಲ್ಲ ಮರೆತು ಅವಳ ಬಾಯಿಯ ಹತ್ತಿರ ಹಿಡಿದೆ.

ಅವಳು ಎಂಜಲು ನುಂಗಿ ಹಿಂದೆ ಸರಿದಳು. "ಗಂಗೇಲಿ ಬಿಟ್ಟಿದ್ದೀನಲ್ರೀ."

ನನ್ನ ಮೇಲಿನ ಹಟಕ್ಕೆ ಆಡಿದ ಮಾತು ಲೆಕ್ಕಕ್ಕಿಲ್ಲ ಎಂದು ವಾದಿಸಿದೆ. ಕೊಟ್ಟ ಮಾತು ಕೊಟ್ಟದ್ದೇ ಎಂದಳು; ಹಟದಲ್ಲಿ ನನಗಿಂತ ಒಂದು ಕೈ ಮೇಲು. ನನಗೆ ನಿಜಕ್ಕೂ ಅಳು ಬಂತು. ಇಷ್ಟು ವರ್ಷ ನಾನು ಕಾದದ್ದು ಹಣ್ಣಿಗಲ್ಲ, ಚೆನ್ನಾಗಿದೆ ಎಂದು ಅವಳು ಒಪ್ಪಿಕೊಳ್ಳುವ ಒಂದು ಮಾತಿಗೆ. ಕೊನೆಗೆ ನಾನೇ ತಿಂದೆ. ನನ್ನ ಬಾಯನ್ನೇ ನೋಡುತ್ತಾ, ಸಿಹಿ ಇದೆಯಾ ಎಂದು ಕೇಳಿದಳು. ಮಾರುಕಟ್ಟೆಯದಕ್ಕಿಂತ ಸಿಹಿ ಎಂದೆ. ಅವಳು ಉಳಿದ ಹಣ್ಣುಗಳನ್ನು ಬಟ್ಟಲಿಗೆ ಹಾಕಿಕೊಂಡು ಕಾಂಪೌಂಡಿನ ಕಡೆ ಹೋದಳು.

ಅಡುಗೆಮನೆಯ ಕಿಟಕಿಯಲ್ಲಿ ಕಿವಿ ಇಟ್ಟೆ. ಪಕ್ಕದ ಮನೆಯಾಕೆ, ಗಿಡ ನೋಡಿ ಇಷ್ಟು ದಿನ ನಕ್ಕವರು, ಇದನ್ನು ತಿನ್ನಬಹುದಾ ಎಂದು ಅನುಮಾನದಿಂದ ಕೇಳುತ್ತಿದ್ದರು.

"ಧೈರ್ಯವಾಗಿ ತಿನ್ರೀ, ಮಾರ್ಕೆಟ್ಟಲ್ಲಿ ಸಿಗೋದಕ್ಕಿಂತ ಸಿಹಿ ಇದೆ," ಅಂದಳು ನನ್ನ ಹೆಂಡತಿ.

"ನೀವು ತಿಂದು ನೋಡಿದ್ರಾ?"

"ನಾನ್ಯಾಕ್ರೀ ತಿಂದು ನೋಡ್ಬೇಕು? ನಮ್ಮನೆಯವರು ಬೆಳೆಸಿದ್ದು."