ಹ್ಯಾಂಡಲ್ ಲಾಕ್ ಹಾಕಬಾರದ ಸಾಲು

ಸಂಜೆ ಬಸ್ಸಿಳಿದು ನೋಡಿದರೆ ಎರಡು ಬೈಕ್‌ಗಳ ನಡುವೆ ಒಂದು ಸ್ಕೂಟರ್‌ನಷ್ಟೇ ಅಗಲದ ಜಾಗ ಖಾಲಿಯಿತ್ತು. ಬೆಳಿಗ್ಗೆ ನನ್ನ ಸ್ಕೂಟರನ್ನು ಅಲ್ಲೇ ನಿಲ್ಲಿಸಿ ಬೆಂಗಳೂರಿನ ಬಸ್ ಹತ್ತಿದ್ದೆ.

ನೆಲಮಂಗಲದ ಹೆದ್ದಾರಿ ಬದಿಯ ಆ ಸಾಲಿನಲ್ಲಿ ಯಾರೂ ಹ್ಯಾಂಡಲ್ ಲಾಕ್ ಹಾಕುವಂತಿಲ್ಲ. ಒತ್ತೊತ್ತಾಗಿ ನಿಂತ ಗಾಡಿಗಳನ್ನು ಸರಿಸಿ ತಮ್ಮದನ್ನು ತೆಗೆಯಲು ಎಲ್ಲರಿಗೂ ಅನುಕೂಲವಾಗಬೇಕಂತೆ. ಒಮ್ಮೆ ನಾನು ಲಾಕ್ ಹಾಕಿದ್ದಕ್ಕೆ ಎದುರಿನ ಟೀ ಅಂಗಡಿಯವರು, "ಏನ್ ಮೇಡಂ, ವಿಮಾನ ನಿಲ್ಸಿದ್ದೀರಾ?" ಎಂದು ಎಲ್ಲರೆದುರು ನಗಾಡಿದ್ದರು. ಈಗ ಸ್ಕೂಟರ್ ಕಾಣುತ್ತಿಲ್ಲ ಎಂದರೆ ಅವರೇ, "ನೋಡ್ಕೊಂಡು ನಿಲ್ಸ್ಬೇಕಲ್ವಾ?" ಎಂದರು.

ಠಾಣೆಯಲ್ಲಿ ದೂರು ಬರೆದುಕೊಂಡ ಪೊಲೀಸರು, "ಲಾಕ್ ಇಲ್ಲದ ಸ್ಕೂಟರ್‌ಗಳೇ ಜಾಸ್ತಿ ಹೋಗೋದಮ್ಮ. ತಳ್ಕೊಂಡು ಹೋದ್ರೆ ಯಾರೂ ಕೇಳಲ್ಲ" ಎಂದರು. ನಿಜ, ಆ ಸಾಲಿನಲ್ಲಿ ಯಾರು ಯಾರ ಗಾಡಿ ತಳ್ಳಿದರೂ ಯಾರೂ ತಲೆ ಎತ್ತಿ ನೋಡುವುದಿಲ್ಲ. ಕಳ್ಳನಿಗೆ ಇನ್ನೇನು ಬೇಕು? ನಮ್ಮೂರಿಗೆ ಸಂಜೆಯ ಮೇಲೆ ಬಸ್ಸಿಲ್ಲ. ಗಾಡಿಯಿಲ್ಲದೆ ನನ್ನ ಕೆಲಸ ಉಳಿಯುವುದಿಲ್ಲ. ಇವರ ಅನುಕೂಲಕ್ಕೆ ನಾನು ಕೆಲಸ ಬಿಡಬೇಕೆ?

ಮರುದಿನ ಬೆಳಿಗ್ಗೆ ಅಪ್ಪನ ಮೊಪೆಡ್ ತಂದು ಅದೇ ಸಾಲಿನಲ್ಲಿ ನಿಲ್ಲಿಸಿದೆ. ಹ್ಯಾಂಡಲ್ ಲಾಕ್ ಹಾಕಿ, ಹಿಂದಿನ ಚಕ್ರಕ್ಕೆ ಸರಪಳಿ ಸುತ್ತಿ, ದೀಪದ ಕಂಬಕ್ಕೆ ಸೇರಿಸಿ ಬೀಗ ಜಡಿದೆ.

"ಮೇಡಂ, ನಮ್ ಗಾಡಿ ಹೆಂಗ್ ತೆಗೆಯೋದು?" ಎಂದು ಪಕ್ಕದ ಬೈಕಿನವರು ಕೇಳಿದರು.

"ಸಂಜೆ ನಾನು ಬಂದ್ಮೇಲೆ ತೆಗೀರಿ" ಎಂದು ಹೇಳಿ ಬಸ್ ಹತ್ತಿದೆ.