ಮೊಲಗಳಿಗೆ ಸುತ್ತಿದ ಬಟ್ಟೆ

ಅಕ್ಕನ ಮಗಳಿಗೆ ಒಂಬತ್ತು ವರ್ಷ. ಅವಳ ಮೈ ಸಾಕಷ್ಟು ರಕ್ತ ಮಾಡಿಕೊಳ್ಳುವುದಿಲ್ಲ. ತಿಂಗಳಿಗೊಮ್ಮೆ ಬೇರೆಯವರ ರಕ್ತ ಏರಿಸಬೇಕು. ಅದರ ಜೊತೆ ಬಂದ ಕಬ್ಬಿಣ ಹೊರಹೋಗದೆ ಹೃದಯದಲ್ಲಿ ಕೂಡುತ್ತದೆ. ಅದನ್ನು ತೆಗೆಯಲು ದಿನಾ ಒಂದು ಗುಳಿಗೆ. ಆ ಗುಳಿಗೆಯೇ ಹೃದಯಕ್ಕೆ ಕುತ್ತು ತಂದರೆ ಎಂಬುದು ಸಾವಳಗಿಯಲ್ಲಿರುವ ಅಕ್ಕನ ಅಂಜಿಕೆ. ಅದೇ ಔಷಧವನ್ನು ಮೊಲಗಳಿಗೆ ಕೊಟ್ಟು ಹೃದಯ ಪರೀಕ್ಷಿಸುವ ಪ್ರಯೋಗಶಾಲೆಯಲ್ಲಿ ನನ್ನ ಕೆಲಸ.

ಅರ್ಧ ಮೊಲಗಳಿಗೆ ಔಷಧ, ಅರ್ಧಕ್ಕೆ ಬರಿ ನೀರು. ಎದೆಬಡಿತ ದಾಖಲಿಸುವಾಗ ಮೊಲ ಅಲುಗಾಡದಂತೆ ಬಟ್ಟೆ ಸುತ್ತಬೇಕು. ಬಟ್ಟೆಯನ್ನು ಬನಹಟ್ಟಿಯ ನಮ್ಮ ಮನೆಯಿಂದಲೇ ತಂದೆ. ಮಗ್ಗದ ಮನೆಯವಳು ಬಟ್ಟೆ ಕೊಂಡರೆ ಓಣಿಯವರೆಲ್ಲ ನಗುತ್ತಾರೆ. ನಮ್ಮಲ್ಲಿ ಹಸುಗೂಸಿಗೆ ಹೊಸ ಬಟ್ಟೆ ಸುತ್ತುವುದಿಲ್ಲ, ಅಜ್ಜಿಯ ಒಗೆದೊಗೆದು ಮೆತ್ತಗಾದ ಸೀರೆಯೇ ಬೇಕು. ಔಷಧ ಕುಡಿದ ಮೊಲಗಳನ್ನು ನೋಡಿದರೆ ನನಗೆ ನಮ್ಮ ಹುಡುಗಿಯೇ ಕಾಣುತ್ತಿದ್ದಳು. ಹಳೆಯ ಸೀರೆಯ ತುಂಡುಗಳನ್ನೆಲ್ಲ ಅವಕ್ಕೇ ಸುತ್ತಿದೆ. ನೀರು ಕುಡಿದವಕ್ಕೆ ಮಗ್ಗದಿಂದ ಆಗಷ್ಟೇ ಇಳಿದ, ಗಂಜಿ ಹಾಕಿದ ತುಂಡುಗಳು.

ಔಷಧದ ಮೊಲಗಳ ಎದೆಬಡಿತ ಉಳಿದವುಗಳಿಗಿಂತ ಶಾಂತವಾಗಿತ್ತು! ಕುಣಿಯುವುದೊಂದು ಬಾಕಿ. ಫೋನ್ ಮಾಡಿದೆ.

"ಅಕ್ಕಾ, ಅಂಜಬ್ಯಾಡ. ಔಷಧಿ ತಗೊಂಡ ಮೊಲದ ಎದಿ ಛಲೋ ಐತಿ."

ಅಕ್ಕ ಅತ್ತುಬಿಟ್ಟಳು. ಅಷ್ಟರಲ್ಲಿ ಪ್ರಯೋಗದ ಕ್ರಮದಂತೆ ಆ ಮೊಲಗಳನ್ನೆಲ್ಲ ಕೊಂದು ಹೃದಯ ತೆಗೆದು ನೋಡಿಯಾಗಿತ್ತು.

ನಾಲ್ಕು ದಿನಗಳ ಮೇಲೆ ನಮ್ಮ ಮೇಲ್ವಿಚಾರಕರು ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನು ಬೆರಳಲ್ಲಿ ಹಿಸುಕಿ ನೋಡಿದರು.

"ಇವು ಯಾಕ್ರೀ ಎರಡು ನಮೂನಿ?"

ಕಾರಣ ಹೇಳುತ್ತಿರುವಾಗಲೇ ನನಗೆ ಹೊಳೆಯಿತು. ಗಂಜಿ ಬಟ್ಟೆ ಸ್ವಲ್ಪ ಅಲುಗಿದರೂ ಚರಚರ ಎನ್ನುತ್ತದೆ. ಮೊಲಕ್ಕೆ ಮೈಯೆಲ್ಲ ಕಿವಿ. ಔಷಧ ಯಾವ ಹೃದಯವನ್ನೂ ಸಮಾಧಾನ ಮಾಡಿರಲಿಲ್ಲ, ನನ್ನ ಬಟ್ಟೆ ಉಳಿದವನ್ನು ಹೆದರಿಸಿತ್ತು. "ಮತ್ತ ಮೊದಲಿಂದ ಮಾಡ್ರಿ," ಎಂದರು. ಮೊದಲು ಅವರ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೆ. ಹುಟ್ಟಿನಿಂದ ಗಂಜಿಯ ವಾಸನೆ ಕುಡಿದವಳಿಗೆ ಇಷ್ಟೂ ತಿಳಿಯಬಾರದೇ?

ಅಕ್ಕನಿಗೆ ಮತ್ತೆ ಫೋನ್ ಹಚ್ಚಿದೆ.

"ನಾ ಹೇಳಿದ್ದು ತಪ್ಪಾತು ಅಕ್ಕಾ. ಇನ್ನೂ ಖಾತ್ರಿ ಇಲ್ಲ. ಗುಳಿಗಿ ಮಾತ್ರ ಬಿಡಿಸಬ್ಯಾಡ, ಡಾಕ್ಟರ್ ಹೇಳಿದಂಗ ಕೊಡು."

"ನೀ ಹೇಳಿದಿ ಅಂತ ನಾಕ ದಿನಾ ಛಲೋ ನಿದ್ದಿ ಮಾಡಿದ್ನಿ ತಂಗಿ," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎರಡನೇ ಸಲ ಹೊಸ ಮೊಲಗಳು. ಎಲ್ಲಕ್ಕೂ ಹಳೆಯ ಸೀರೆಯೇ. ಯಾವುದಕ್ಕೆ ಔಷಧ ಎಂದು ನನಗೆ ತಿಳಿಯದಂತೆ ಬೇರೆಯವರು ಕೊಟ್ಟರು. ಕೊನೆಗೆ ಎರಡೂ ಗುಂಪಿನ ಹೃದಯಗಳಲ್ಲಿ ಏನೂ ವ್ಯತ್ಯಾಸ ಸಿಗಲಿಲ್ಲ, ಔಷಧದಿಂದ ಕುತ್ತು ಕಾಣಲಿಲ್ಲ. ಈ ಸಲ ಫೋನ್ ಮಾಡಲಿಲ್ಲ, ಬಸ್ ಹತ್ತಿ ಸಾವಳಗಿಗೇ ಹೋದೆ. ನಡೆದದ್ದನ್ನೆಲ್ಲ ಮಗುವಿನ ಮುಂದೆಯೇ ಹೇಳಿದೆ. ಅಕ್ಕನ ಮುಖ ಅರಳಿತು, ನನ್ನ ಜೀವ ತಣ್ಣಗಾಯಿತು.

ಹುಡುಗಿ ಗುಳಿಗೆ ನುಂಗಿ ನೀರು ಕುಡಿದಳು.

"ಚಿಗವ್ವಾ, ಆ ಮೊಲ ಈಗ ಎಲ್ಲಿ ಅದಾವು?"

ಅಕ್ಕ ಕಣ್ಸನ್ನೆ ಮಾಡಿದಳು. ನನಗೆ ಸುಳ್ಳು ಹೇಳಲಾಗಲಿಲ್ಲ.

"ಸತ್ತುವು. ಎದಿ ತಗದು ನೋಡಬೇಕಾಕೈತಿ."

"ನನ್ನ ಸಲುವಾಗಿ ಸತ್ತುವೇನು?"

"ಹೂಂ. ನಿನ್ನಂಥ ಮಕ್ಕಳ ಸಲುವಾಗಿ."

"ಮೊದಲನೇ ಸಲದ್ವು?"

"ಅವು ನನ್ನ ಸಲುವಾಗಿ ಸತ್ತುವವ್ವಾ," ಎಂದೆ.